ನಾಲ್ಕರಿಂದ ನಾನೂರು, ಆಮೇಲೆ?

1974ರಲ್ಲಿ ಮಾರಿಷಸ್ ದ್ವೀಪದ ನೈಋತ್ಯ ಮೂಲೆಯ ಕಣಿವೆಯೊಂದರಲ್ಲಿ ಒಂದು ಜೋಡಿ ಚಾಣ ಹಕ್ಕಿಗಳು ಗೂಡಿನ ಜಾಗ ಬದಲಿಸಿದವು. ಅವುಗಳ ಜಾತಿಯಲ್ಲಿ ರೂಢಿಯೆಂದರೆ ಹಳೆಯ ಮರದ ಪೊಟರೆಯಲ್ಲಿ ಮೊಟ್ಟೆಯಿಡುವುದು. ಈ ಜೋಡಿ ಮಾತ್ರ ಕಡಿದಾದ ಬಂಡೆಯ ನಡುವಿನ ಬಿರುಕೊಂದನ್ನು ಆರಿಸಿಕೊಂಡಿತು. ಮರವನ್ನು ಸರಸರ ಹತ್ತಿ ಪೊಟರೆಗೆ ಕೈ ಹಾಕುವ ಕೋತಿಗಳಿಗೆ ಆ ಬಂಡೆ ಎಟುಕಲಿಲ್ಲ. ಮರಿಗಳು ಉಳಿದವು, ರೆಕ್ಕೆ ಬಲಿತು ಹಾರಿದವು. ಮುಂದೆ ತಮ್ಮ ಸರದಿ ಬಂದಾಗ ಅವೂ ತಾವು ಹುಟ್ಟಿದಂಥ ಬಂಡೆಯ ಬಿರುಕನ್ನೇ ಹುಡುಕಿಕೊಂಡವು.

ಆ ವರ್ಷ ಕಾಡಿನಲ್ಲಿ ಲೆಕ್ಕಕ್ಕೆ ಸಿಕ್ಕ ಮಾರಿಷಸ್ ಚಾಣಗಳು ಒಟ್ಟು ನಾಲ್ಕು. ಬೇರೆ ದೇಶದ ಕಾಡಿನಲ್ಲಿ ಇನ್ನಷ್ಟು ಇದ್ದಾವು ಎನ್ನುವಂತಿರಲಿಲ್ಲ. ಇಡೀ ಭೂಮಿಯ ಕಾಡುಗಳಲ್ಲಿ ಇದ್ದದ್ದೇ ಅಷ್ಟು. ಅವುಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತಿದ್ದ ಹೆಣ್ಣು ಒಂದೇ ಒಂದು. ಆಗ ಜಗತ್ತಿನ ಅತಿ ಅಪರೂಪದ ಹಕ್ಕಿ ಯಾವುದೆಂದು ಕೇಳಿದರೆ ಪಕ್ಷಿತಜ್ಞರು ಇದರ ಹೆಸರನ್ನೇ ಹೇಳುತ್ತಿದ್ದರು.

ಪಾರಿವಾಳಕ್ಕಿಂತ ಚಿಕ್ಕ ಗಾತ್ರ, ಕಂದು ಬೆನ್ನು, ಬಿಳಿ ಎದೆಯ ಮೇಲೆ ಕಪ್ಪು ಚುಕ್ಕೆ. ನಮ್ಮ ಬಯಲುಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಂತು ರೆಕ್ಕೆ ಬಡಿಯುವ ಚಾಣದ ಹತ್ತಿರದ ನೆಂಟ. ಆದರೆ ಮಾರಿಷಸ್ಸಿನ ಈ ಹಕ್ಕಿಯ ರೆಕ್ಕೆ ಗಿಡ್ಡ, ಅಂಚು ದುಂಡು. ಬಯಲಲ್ಲಿ ತೇಲುವುದಕ್ಕಿಂತ ದಟ್ಟ ಕಾಡಿನ ಕೊಂಬೆಗಳ ನಡುವೆ ತಿರುಗಿ ಹಾರುವುದಕ್ಕೆ ಹೇಳಿ ಮಾಡಿಸಿದ ರೆಕ್ಕೆ ಅದು. ಮರದ ತೊಗಟೆಯ ಮೇಲೆ ಬಿಸಿಲು ಕಾಯಿಸುವ ಹಸಿರು ಹಲ್ಲಿಗಳು ಅದರ ಮುಖ್ಯ ಆಹಾರ. ಹೀಗಾಗಿ ಕಾಡು ಕರಗಿದಂತೆ ಹಕ್ಕಿಯೂ ಕರಗಿತು.

ಇಂದು ಈ ಹಕ್ಕಿ ಮಾರಿಷಸ್ಸಿನ ರಾಷ್ಟ್ರಪಕ್ಷಿ. ನಾಲ್ಕಿದ್ದದ್ದು ನೂರಾರಾಯಿತು. ವನ್ಯಜೀವಿ ರಕ್ಷಣೆಯ ಬಗ್ಗೆ ಬರೆಯುವವರೆಲ್ಲ ಈ ಏರಿಕೆಯನ್ನು ಹೇಳುತ್ತಾರೆ. ಏರಿದ ನಂತರ ಏನಾಯಿತು ಎನ್ನುವುದನ್ನು ಹೇಳುವವರು ಕಡಿಮೆ. ಈ ಅಧ್ಯಾಯದಲ್ಲಿ ಎರಡನ್ನೂ ನೋಡೋಣ. ಒಂದು ಜೀವಿಯನ್ನು ಅಳಿವಿನ ಅಂಚಿನಿಂದ ಎಳೆದು ತರುವ ವಿದ್ಯೆ ಬೇರೆ, ಅದು ತನ್ನಷ್ಟಕ್ಕೆ ಬದುಕುವಂತೆ ನೆಲವನ್ನು ಸರಿಮಾಡುವ ವಿದ್ಯೆ ಬೇರೆ. ಮೊದಲನೆಯದಕ್ಕೆ ಹತ್ತು ಹದಿನೈದು ವರ್ಷ ಸಾಕು. ಎರಡನೆಯದು ತಲೆಮಾರುಗಳ ಕೆಲಸ.

ಹಡಗಿನಲ್ಲಿ ಬಂದವರು

ಮಡಗಾಸ್ಕರ್‌ನಿಂದ ಪೂರ್ವಕ್ಕೆ ಸುಮಾರು 900 ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ತಳದಿಂದ ಜ್ವಾಲಾಮುಖಿಯಾಗಿ ಎದ್ದ ದ್ವೀಪ ಮಾರಿಷಸ್. ಅಲ್ಲಿಗೆ ತಾವಾಗಿಯೇ ತಲುಪಿದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಇಲಿ, ಬೆಕ್ಕು, ಕೋತಿ, ಹಂದಿ ಯಾವುದೂ ಇರಲಿಲ್ಲ. ಲಕ್ಷಾಂತರ ವರ್ಷ ಇಂಥ ನೆಮ್ಮದಿಯಲ್ಲಿ ಬದುಕಿದ ಹಕ್ಕಿಗಳು ಶತ್ರುವನ್ನು ಕಂಡರೆ ಓಡಬೇಕು ಎಂಬುದನ್ನೇ ಮರೆತವು. ಕೆಲವು ಹಾರುವುದನ್ನೂ ಬಿಟ್ಟವು.

1598ರಲ್ಲಿ ಡಚ್ಚರ ಹಡಗುಗಳು ಬಂದವು. 1638ರಲ್ಲಿ ಅವರು ಅಲ್ಲಿ ವಸತಿ ಹೂಡಿದರು. ಡೋಡೊ ಹಕ್ಕಿಯನ್ನು ಕಣ್ಣಾರೆ ಕಂಡ, ನಂಬಬಹುದಾದ ಕೊನೆಯ ದಾಖಲೆ 1662ರದು. ಅಂದರೆ ಜನವಸತಿ ಶುರುವಾಗಿ ಇಪ್ಪತ್ತೈದು ವರ್ಷದೊಳಗೆ ಡೋಡೊ ಮುಗಿದಿತ್ತು. ಮನುಷ್ಯರು ಕೊಂದು ತಿಂದದ್ದಕ್ಕಿಂತ ಹೆಚ್ಚಾಗಿ ಅವರ ಜೊತೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಮೊಟ್ಟೆಗಳನ್ನು ಮುಗಿಸಿದವು ಎಂಬುದು ಇಂದಿನ ತಿಳಿವಳಿಕೆ. ಡಚ್ಚರು ಜಾವಾದಿಂದ ಜಿಂಕೆ ತಂದರು, ಕಬ್ಬು ತಂದರು, ಬೆಲೆಬಾಳುವ ಕರಿಮರವನ್ನು ಕಡಿದು ಸಾಗಿಸಿದರು. ಆಮೇಲೆ ಫ್ರೆಂಚರು, 1810ರಿಂದ ಬ್ರಿಟಿಷರು. 1834ರಿಂದ ಭಾರತದ ಕೂಲಿಗಳು ಹಡಗು ಹಡಗಾಗಿ ಬಂದಿಳಿದು ಕಬ್ಬಿನ ಗದ್ದೆಗಳಲ್ಲಿ ಬೆವರು ಸುರಿಸಿದರು. ಕಬ್ಬು ಬೆಳೆದಲ್ಲೆಲ್ಲ ಕಾಡು ಹೋಯಿತು. ಈಗ ಅಲ್ಲಿ ಉಳಿದಿರುವ ಒಳ್ಳೆಯ ಸ್ವಾಭಾವಿಕ ಕಾಡು ದ್ವೀಪದ ಶೇ 2ಕ್ಕೂ ಕಡಿಮೆ.

ಕೂಲಿಗಳಂತೆಯೇ ನಮ್ಮ ಪ್ರಾಣಿಗಳೂ ಅಲ್ಲಿಗೆ ಹೋದವು. ನಮ್ಮ ಹಿತ್ತಲಿನ ಗೊರವಂಕ ಹೋಯಿತು. ಜುಟ್ಟಿನ ಪಿಕಳಾರ ಹೋಯಿತು. ಕೊರಳಿಗೆ ಗುಲಾಬಿ ಪಟ್ಟಿಯ ಗಿಳಿ ಪಂಜರದಿಂದ ತಪ್ಪಿಸಿಕೊಂಡು ಕಾಡು ಸೇರಿತು. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1900ರಲ್ಲಿ ನಮ್ಮ ಮುಂಗುಸಿಯನ್ನು ತಂದು ಬಿಟ್ಟರು. ಇಲ್ಲಿ ಇವೆಲ್ಲ ನಿರುಪದ್ರವಿಗಳು. ಅಲ್ಲಿ ಗಿಳಿ ಸ್ಥಳೀಯ ಎಕೋ ಗಿಳಿಯ ಪೊಟರೆಗಳನ್ನು ಕಸಿದುಕೊಂಡಿತು. ಪಿಕಳಾರ ಹೊರಗಿನಿಂದ ಬಂದ ಗಿಡಗಳ ಹಣ್ಣು ತಿಂದು ಬೀಜವನ್ನು ಕಾಡಿನ ಒಳಗೊಳಗೆ ಹರಡಿತು. ಮುಂಗುಸಿ ಇಲಿಯ ಜೊತೆಗೆ ನೆಲಕ್ಕಿಳಿದ ಹಕ್ಕಿಯನ್ನೂ ಹಿಡಿಯಿತು. ಪ್ರಾಣಿಯೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ಹುಟ್ಟುಗುಣದಲ್ಲಿಲ್ಲ, ಅದು ನಿಂತ ನೆಲದಲ್ಲಿದೆ ಎಂಬುದಕ್ಕೆ ಮಾರಿಷಸ್ಸಿಗಿಂತ ಒಳ್ಳೆಯ ಪಾಠಶಾಲೆ ಸಿಗದು.

ಚಾಣಕ್ಕೆ ಕೊನೆಯ ಪೆಟ್ಟು ಕೊಟ್ಟದ್ದು ಡಿಡಿಟಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಲೇರಿಯಾ ಓಡಿಸಲು ದ್ವೀಪದ ತುಂಬ ಅದನ್ನು ಸಿಂಪಡಿಸಿದರು. ವಿಷ ಹುಳುವಿನಿಂದ ಹಲ್ಲಿಗೆ, ಹಲ್ಲಿಯಿಂದ ಹಕ್ಕಿಗೆ ಏರುತ್ತ ಸಾಂದ್ರವಾಗುತ್ತದೆ. ಡಿಡಿಟಿ ತುಂಬಿದ ಒಡಲಿನ ಬೇಟೆಹಕ್ಕಿ ಇಡುವ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ. ಇದರ ಮೇಲೆ, ಕೋಳಿಮರಿ ಹಿಡಿಯುತ್ತದೆ ಎಂಬ ಅಪವಾದ ಹೊರಿಸಿ ಜನ ಅದನ್ನು ಗುಂಡಿಟ್ಟು ಹೊಡೆಯುತ್ತಿದ್ದರು.

ಮೊಟ್ಟೆ ಕದಿಯುವ ವಿದ್ಯೆ

1973ರಲ್ಲಿ ಸ್ಟ್ಯಾನ್ಲಿ ಟೆಂಪಲ್ ಎಂಬ ಅಮೆರಿಕನ್ ವಿಜ್ಞಾನಿ ಚಾಣವನ್ನು ಉಳಿಸುವ ಕೆಲಸ ಶುರುಮಾಡಿದರು. ಬೋನಿನಲ್ಲಿ ಮರಿ ಮಾಡಿಸುವ ಮೊದಲ ಯತ್ನಗಳು ಕೈಗೂಡಲಿಲ್ಲ. ಪರಿಸರ ಚಿಂತಕ ನಾರ್ಮನ್ ಮೈಯರ್ಸ್ 1979ರ ತಮ್ಮ ಪುಸ್ತಕದಲ್ಲಿ, ಈ ಚಾಣವನ್ನು ಅದರ ಹಣೆಬರಹಕ್ಕೆ ಬಿಟ್ಟು, ಆ ಹಣವನ್ನು ಉಳಿಯುವ ಸಾಧ್ಯತೆ ಹೆಚ್ಚಿರುವ ಹಕ್ಕಿಗಳಿಗೆ ಖರ್ಚು ಮಾಡುವುದು ಮೇಲಲ್ಲವೇ ಎಂಬ ವಾದ ಮುಂದಿಟ್ಟರು. ಅದು ಕಲ್ಲೆದೆಯ ಮಾತಲ್ಲ. ಹಣ ಕಡಿಮೆ, ಸಾಯುತ್ತಿರುವ ಜೀವಿಗಳು ಹೆಚ್ಚು. ಯಾರನ್ನು ಮೊದಲು ಎತ್ತಬೇಕೆಂಬ ಪ್ರಶ್ನೆ ನಿಜವಾದದ್ದೇ.

ಅದೇ 1979ರಲ್ಲಿ ಕಾರ್ಲ್ ಜೋನ್ಸ್ ಎಂಬ ವೇಲ್ಸ್‌ನ ಯುವಕ ಮಾರಿಷಸ್ಸಿಗೆ ಬಂದಿಳಿದರು. ಯೋಜನೆಯನ್ನು ಮುಚ್ಚಿ, ಉಳಿದದ್ದನ್ನು ಸ್ಥಳೀಯ ಸರ್ಕಾರದ ಕೈಗೆ ಒಪ್ಪಿಸಿ ಬಾ ಎಂದು ಅವರನ್ನು ಕಳಿಸಲಾಗಿತ್ತು. ಬಂದವರು ಮುಚ್ಚಲಿಲ್ಲ. ಹುಡುಗನಾಗಿದ್ದಾಗಲೇ ಮನೆಯ ಹಿತ್ತಲಲ್ಲಿ ಗಾಯಗೊಂಡ ಬೇಟೆಹಕ್ಕಿಗಳನ್ನು ಸಾಕಿ ಪಳಗಿದ್ದ ಅವರಿಗೆ ಪುಸ್ತಕಕ್ಕಿಂತ ಹಕ್ಕಿಯ ಮೇಲೆಯೇ ನಂಬಿಕೆ ಹೆಚ್ಚು. ಜೆರಾಲ್ಡ್ ಡ್ಯುರೆಲ್ ಜರ್ಸಿ ದ್ವೀಪದಲ್ಲಿ ಕಟ್ಟಿದ್ದ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಅವರ ಬೆನ್ನಿಗೆ ನಿಂತಿತು. 1984ರಲ್ಲಿ ಮಾರಿಷಸ್ಸಿನಲ್ಲೇ ಒಂದು ವನ್ಯಜೀವಿ ಪ್ರತಿಷ್ಠಾನ ಹುಟ್ಟಿತು.

ಜೋನ್ಸ್ ಬಳಸಿದ ಮೊದಲ ಉಪಾಯ ಹಳ್ಳಿಯಲ್ಲಿ ಕೋಳಿ ಸಾಕಿದವರಿಗೆಲ್ಲ ಗೊತ್ತಿರುವಂಥದು. ಮೊಟ್ಟೆಯನ್ನು ಆಗಾಗ ತೆಗೆಯುತ್ತಿದ್ದರೆ ಕೋಳಿ ಕಾವಿಗೆ ಕೂರದೆ ಮತ್ತೆ ಮತ್ತೆ ಇಡುತ್ತದೆ. ಚಾಣ ವರ್ಷಕ್ಕೆ ಒಮ್ಮೆ ಮೂರು ಮೊಟ್ಟೆಯ ಆಸುಪಾಸು ಇಡುತ್ತದೆ. ಅವುಗಳನ್ನು ತೆಗೆದುಬಿಟ್ಟರೆ ಎರಡು ವಾರದಲ್ಲಿ ಇನ್ನೊಂದು ಸಲ ಇಡುತ್ತದೆ. ಮೊದಲ ಮೂರಕ್ಕೆ ಯಂತ್ರದಲ್ಲಿ ಕಾವು, ನಂತರದ್ದಕ್ಕೆ ತಾಯಿಯದೇ ಕಾವು. ಒಂದು ಜೋಡಿಯ ಸಂತಾನ ಇಮ್ಮಡಿಯಾಗುತ್ತದೆ.

ಹೇಳಿದಷ್ಟು ಸುಲಭವಲ್ಲ. ಹಗ್ಗ ಕಟ್ಟಿಕೊಂಡು ಬಂಡೆಯ ಮೇಲಿಂದ ಇಳಿಯಬೇಕು, ಬಿರುಕಿನೊಳಗೆ ಕೈ ಚಾಚಬೇಕು, ಜಗತ್ತಿನಲ್ಲೇ ಅಪರೂಪದ ಮೊಟ್ಟೆಯನ್ನು ತಣ್ಣಗಾಗದಂತೆ, ಅಲುಗದಂತೆ ಕಣಿವೆಯಿಂದ ಹೊರತರಬೇಕು. ಆಮೇಲೆ ಇನ್‌ಕ್ಯುಬೇಟರ್. ಅಲ್ಲಿಯೂ ನಿಶ್ಚಿಂತೆಯಿಲ್ಲ. ಮೊಟ್ಟೆಯ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಳಗಿನ ಮರಿಗೆ ಗಾಳಿ ಹೋಗುವುದು ಅವುಗಳ ಮೂಲಕ, ಒಳಗಿನ ನೀರು ಆವಿಯಾಗಿ ಹೊರಬರುವುದೂ ಅವುಗಳ ಮೂಲಕ. ಸುಮಾರು ಒಂದು ತಿಂಗಳ ಕಾವು ಮುಗಿಯುವಷ್ಟರಲ್ಲಿ ಮೊಟ್ಟೆಯ ತೂಕ ಹತ್ತಿರ ಹತ್ತಿರ ಶೇ 15ರಷ್ಟು ಇಳಿದಿರಬೇಕು. ಅದಕ್ಕಿಂತ ಕಡಿಮೆ ಇಳಿದರೆ ಒಳಗೆ ಗಾಳಿಯ ಜಾಗ ಸಾಲದೆ ಮರಿ ಉಸಿರುಗಟ್ಟುತ್ತದೆ. ಹೆಚ್ಚು ಇಳಿದರೆ ಒಣಗಿ ಪೊರೆಗೆ ಅಂಟಿಕೊಂಡು, ಚಿಪ್ಪೊಡೆಯಲಾಗದೆ ಸಾಯುತ್ತದೆ. ಆದ್ದರಿಂದ ಪ್ರತಿ ಮೊಟ್ಟೆಯನ್ನೂ ತೂಗಿ, ತೂಕವನ್ನು ಗೆರೆಯಾಗಿ ಬರೆದು, ಗೆರೆ ದಾರಿ ತಪ್ಪಿದರೆ ಯಂತ್ರದೊಳಗಿನ ತೇವವನ್ನು ಏರಿಸುವುದೋ ಇಳಿಸುವುದೋ ಮಾಡಬೇಕು. ಮರಿ ಹೊರಬಂದ ಮೇಲೆ ಸಣ್ಣಗೆ ಕೊಚ್ಚಿದ ಮಾಂಸವನ್ನು ಚಿಮುಟದಲ್ಲಿ ಹಿಡಿದು ಹಗಲಿಡೀ ತಿನ್ನಿಸಬೇಕು.

ಬೆಳೆದ ಮರಿಯನ್ನು ಏಕಾಏಕಿ ಕಾಡಿಗೆ ಬಿಟ್ಟರೆ ಬದುಕುವುದಿಲ್ಲ. ಬೇಟೆಹಕ್ಕಿ ಸಾಕುವವರು ತಲೆತಲಾಂತರದಿಂದ ಬಲ್ಲ ಕ್ರಮವೊಂದು ಇಲ್ಲಿ ಕೆಲಸಕ್ಕೆ ಬಂತು. ಇನ್ನೂ ಹಾರಲು ಬಾರದ ಮರಿಗಳನ್ನು ಕಾಡಿನ ಅಂಚಿನ ಪೆಟ್ಟಿಗೆಯಲ್ಲಿಟ್ಟು, ಅಲ್ಲಿಯೇ ಆಹಾರ ಕೊಡುತ್ತ ಹೋಗುವುದು. ಮರಿ ತಾನಾಗಿ ಹಾರುತ್ತದೆ, ಹಸಿದಾಗ ಮರಳಿ ಬರುತ್ತದೆ, ನಿಧಾನಕ್ಕೆ ಬೇಟೆ ಕಲಿತು ಬರುವುದನ್ನು ಬಿಡುತ್ತದೆ. ಕಾಡಿನಲ್ಲಿದ್ದ ಹಕ್ಕಿಗಳಿಗೂ ಹೆಚ್ಚುವರಿ ಊಟ ಸಿಕ್ಕಿತು. ಜೋನ್ಸ್ ಕಣಿವೆಯಲ್ಲಿ ನಿಂತು ಕೂಗು ಹಾಕಿ ಬಿಳಿ ಇಲಿಯೊಂದನ್ನು ಮೇಲಕ್ಕೆ ತೂರಿದರೆ ಚಾಣ ಎರಗಿ ಬಂದು ಗಾಳಿಯಲ್ಲೇ ಹಿಡಿದು ಒಯ್ಯುತ್ತಿತ್ತು. ಹೊಟ್ಟೆ ತುಂಬಿದ ಹೆಣ್ಣು ಬೇಗ ಮೊಟ್ಟೆಯಿಡುತ್ತದೆ, ಕಸಿದರೆ ಮತ್ತೆ ಇಡುವ ಶಕ್ತಿಯೂ ಅದಕ್ಕಿರುತ್ತದೆ.

ಹಕ್ಕಿ ಯಾಕೆ ಅಳಿಯುತ್ತಿದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿ, ಎಲ್ಲ ತಿಳಿದ ಮೇಲೆ ಕೈ ಹಾಕೋಣ ಎಂಬುದು ಆಗಿನ ರೂಢಿ. ಜೋನ್ಸ್ ಅದನ್ನು ತಿರುವು ಹಾಕಿದರು. ಊಟ, ಗೂಡು, ಶತ್ರು, ರೋಗ, ಈ ನಾಲ್ಕನ್ನು ಮೊದಲು ಸರಿಪಡಿಸು. ಸರಿಪಡಿಸುತ್ತ ಹೋದಂತೆ ಯಾವುದು ಕಾರಣವೆಂದು ಹಕ್ಕಿಯೇ ತೋರಿಸುತ್ತದೆ. 1994ರ ಹೊತ್ತಿಗೆ 300ಕ್ಕೂ ಹೆಚ್ಚು ಚಾಣಗಳು ಬಿಡುಗಡೆಯಾಗಿದ್ದವು. ಒಂದು ಕಾಲಕ್ಕೆ ಹಕ್ಕಿಯೇ ಇಲ್ಲವಾಗಿದ್ದ ಪೂರ್ವದ ಬೆಟ್ಟಗಳಲ್ಲೂ ಸಂಸಾರ ಹೂಡಿದವು. ಗೆದ್ದೆವೆಂದು ತಂಡ ಆ ವರ್ಷ ದೊಡ್ಡ ಮಟ್ಟದ ಕೆಲಸ ನಿಲ್ಲಿಸಿತು.

ಕಲಿತ ವಿದ್ಯೆ ಬೇರೆ ಹಕ್ಕಿಗಳಿಗೂ ಒದಗಿತು. ಗುಲಾಬಿ ಪಾರಿವಾಳಗಳು 1990ರ ಸುಮಾರಿಗೆ ಕಾಡಿನಲ್ಲಿ ಹತ್ತರಷ್ಟು ಉಳಿದಿದ್ದವು. ಅವು ಗೂಡು ಕಟ್ಟುತ್ತಿದ್ದುದು ಜಪಾನಿನಿಂದ ತಂದು ನೆಟ್ಟ ಸೀಡರ್ ಮರಗಳ ತೋಪಿನಲ್ಲಿ. ಚುಚ್ಚುವ ಎಲೆಗಳ ಆ ಪರದೇಶಿ ಮರವೇ ಕೋತಿಗಳಿಂದ ಅವುಗಳನ್ನು ಕಾಪಾಡಿತ್ತು. ಬೋನಿನಲ್ಲಿ ಪಾರಿವಾಳ ಇಟ್ಟ ಮೊಟ್ಟೆಗಳನ್ನು ಸಾಕಿದ ಬೆಳವಗಳ ಅಡಿಗೆ ಇಟ್ಟು ಮರಿ ಮಾಡಿಸಿದರು. ಎಕೋ ಗಿಳಿಗಳು 1980ರ ದಶಕದಲ್ಲಿ ಹತ್ತರ ಆಸುಪಾಸಿನಲ್ಲಿದ್ದವು. ಅವುಗಳ ಪೊಟರೆಗಳಿಗೆ ಹುಳು ಬೀಳದಂತೆ ಔಷಧಿ ಹಾಕಿದರು. ಒಂದೇ ಗೂಡಿನಲ್ಲಿ ಹೆಚ್ಚು ಮರಿಯಿದ್ದು ಸೊರಗುವ ಕೊನೆಯ ಮರಿಯನ್ನು ಎತ್ತಿ, ಬರಡು ಮೊಟ್ಟೆಗೆ ಕಾವು ಕೊಡುತ್ತಿದ್ದ ಇನ್ನೊಂದು ತಾಯಿಯ ಮಡಿಲಿಗೆ ಹಾಕಿದರು. ಇಂದು ಪಾರಿವಾಳಗಳು ನಾನೂರರ ಮೇಲಿವೆ, ಗಿಳಿಗಳು 700 ದಾಟಿವೆ.

ಡೋಡೊ ಮರದ ಕಥೆ

ಹಕ್ಕಿಗಳ ಸಂಖ್ಯೆ ಏರಿತು, ಆದರೆ ಅವು ಇರಬೇಕಾದ ಕಾಡು? ಈ ಪ್ರಶ್ನೆಗೆ ಹೋಗುವ ಮೊದಲು ಒಂದು ಪ್ರಸಿದ್ಧ ಕಥೆಯನ್ನು ಬಗೆಹರಿಸಿಕೊಳ್ಳಬೇಕು.

ಚಾಣದ ಕೆಲಸ ಆರಂಭಿಸಿದ ಅದೇ ಟೆಂಪಲ್ 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮಾರಿಷಸ್ಸಿನ ತಾಂಬಲಕೋಕ್ ಎಂಬ ಮರ ಕೇವಲ ಹದಿಮೂರು ಉಳಿದಿವೆ, ಎಲ್ಲವೂ 300 ವರ್ಷ ಮೀರಿದವು, ಅದರ ಗಟ್ಟಿ ಓಟೆಯನ್ನು ಡೋಡೊ ನುಂಗಿ ಹೊಟ್ಟೆಯಲ್ಲಿ ತೇಯ್ದರೆ ಮಾತ್ರ ಅದು ಮೊಳೆಯುತ್ತಿತ್ತು, ಡೋಡೊ ಹೋದ ಮೇಲೆ ಮರವೂ ಬಂಜೆಯಾಯಿತು ಎಂಬುದು ಅದರ ಸಾರ. ಟರ್ಕಿ ಕೋಳಿಗಳಿಗೆ ಹದಿನೇಳು ಓಟೆಗಳನ್ನು ಒತ್ತಾಯದಿಂದ ನುಂಗಿಸಿದರು. ಒಡೆಯದೆ ಹೊರಬಂದ ಹತ್ತರಲ್ಲಿ ಮೂರು ಮೊಳೆತವು. ಎಂಥ ಚಂದದ ಕಥೆ! ಪಠ್ಯಪುಸ್ತಕಗಳೆಲ್ಲ ಎತ್ತಿಕೊಂಡವು.

ಆದರೆ ಪ್ರಯೋಗದಲ್ಲಿ ದೊಡ್ಡ ಕೊರತೆಯಿತ್ತು. ಯಾರೂ ನುಂಗದ ಓಟೆಗಳನ್ನು ಪಕ್ಕದಲ್ಲೇ ನೆಟ್ಟು ಹೋಲಿಸಿರಲಿಲ್ಲ. ನುಂಗದಿದ್ದರೂ ಅವು ಮೊಳೆಯುತ್ತವೆ ಎಂದು ಇತರರು ತೋರಿಸಿದರು. ಹುಡುಕಿದಾಗ ನೂರಾರು ಮರಗಳು ಸಿಕ್ಕವು. ಡೋಡೊ ಅಳಿದ ಎಷ್ಟೋ ಕಾಲದ ನಂತರ ಹುಟ್ಟಿದವೂ ಅವುಗಳಲ್ಲಿದ್ದವು. ಆ ಮರದ ಕಷ್ಟಕ್ಕೆ ಹಂದಿ, ಕೋತಿ, ಜಿಂಕೆಗಳೂ ಕಳೆಗಿಡಗಳೂ ಸಾಕಷ್ಟು ಕಾರಣ. ಹೀಗೆ ಕಥೆ ಬಿದ್ದಿತು. ಆದರೆ ಅದರೊಳಗಿದ್ದ ವಿಚಾರ ಬೀಳಲಿಲ್ಲ. ಒಂದು ಪ್ರಾಣಿ ಅಳಿದರೆ ಅದರ ಜೊತೆ ಅದು ಮಾಡುತ್ತಿದ್ದ ಕೆಲಸವೂ ಅಳಿಯುತ್ತದೆ. ಆ ಕೆಲಸವನ್ನು ಬೇರೆಯವರಿಂದ ಮಾಡಿಸಬಹುದೇ?

ಕೆಲಸಕ್ಕೆ ಬಂದ ಆಮೆಗಳು

ಮಾರಿಷಸ್ಸಿನಲ್ಲಿ ಒಂದು ಕಾಲಕ್ಕೆ ಎರಡು ಬಗೆಯ ದೈತ್ಯ ಆಮೆಗಳಿದ್ದವು. ತಿಂಗಳುಗಟ್ಟಲೆ ಊಟವಿಲ್ಲದೆ ಬದುಕುವ ಇವು ಹಡಗಿನವರಿಗೆ ಕೆಡದ ಮಾಂಸ. ಹಿಡಿದು ಹಿಡಿದು ಮುಗಿಸಿದರು. ಹಿಂದೂ ಮಹಾಸಾಗರದಲ್ಲಿ ಉಳಿದ ದೈತ್ಯ ಆಮೆಯೆಂದರೆ ಅಲ್ಡಾಬ್ರಾ ಹವಳದ್ವೀಪದ್ದು ಮಾತ್ರ. ಅದನ್ನಾದರೂ ಕಾಪಾಡಿ ಎಂದು 1874ರಲ್ಲಿ ಮಾರಿಷಸ್ ಗವರ್ನರ್‌ಗೆ ಹೋದ ಮನವಿಗೆ ಸಹಿ ಹಾಕಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು.

ಆಗ್ನೇಯ ಕರಾವಳಿಗೆ ಅಂಟಿದಂತೆ ಇಲ್ ಒಜೆಗ್ರೆತ್ ಎಂಬ 26 ಹೆಕ್ಟೇರಿನ ಹವಳದ ದ್ವೀಪವಿದೆ. ಕರಾವಳಿಯ ಒಣಕಾಡು ಉಳಿದಿರುವ ಕೊನೆಯ ತುಣುಕುಗಳಲ್ಲೊಂದು ಅದು. ಅಲ್ಲಿನ ಕರಿಮರವನ್ನು ಸೌದೆಗೆ ಕಡಿದಿದ್ದರು. ನಮಗೆ ಚಿರಪರಿಚಿತವಾದ ಸುಬಾಬುಲ್ ಆ ಜಾಗವನ್ನು ತುಂಬಿತ್ತು. 1980ರ ದಶಕದ ಮಧ್ಯದಿಂದ ವನ್ಯಜೀವಿ ಪ್ರತಿಷ್ಠಾನದವರು ಕಳೆ ಕಿತ್ತರು, ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಿದರು, ಸ್ಥಳೀಯ ಗಿಡ ನೆಟ್ಟರು. ಗುಲಾಬಿ ಪಾರಿವಾಳ ಬಿಟ್ಟರು. 2000ದಲ್ಲಿ ಅಲ್ಡಾಬ್ರಾ ಆಮೆಗಳನ್ನು ತಂದರು.

ಹೊರಗಿನ ಪ್ರಾಣಿಯಿಂದಲೇ ಹಾಳಾದ ನೆಲಕ್ಕೆ ಮತ್ತೊಂದು ಹೊರಗಿನ ಪ್ರಾಣಿಯೇ ಎಂದು ಅನುಮಾನಪಟ್ಟವರಿದ್ದರು. ಆದರೆ ಆಮೆ ಇಲಿಯಲ್ಲ. ನಿಧಾನಿ, ಬೇಲಿಗೆ ನಿಲ್ಲುತ್ತದೆ, ಬೇಡವೆನಿಸಿದರೆ ಹಿಡಿದು ಹೊರಗೆ ಸಾಗಿಸಬಹುದು. ಕರಿಮರದ ಹಣ್ಣು ಮರದ ಬುಡದಲ್ಲೇ ಉದುರಿ ಕೊಳೆಯುತ್ತಿತ್ತು. ಮರ ಕಡಿದು ಬೋಳಾದ ಭಾಗಕ್ಕೆ ಬೀಜ ಹೋಗುವ ದಾರಿಯೇ ಇರಲಿಲ್ಲ. ಆಮೆಗಳು ಹಣ್ಣು ತಿಂದು ದ್ವೀಪವೆಲ್ಲ ಅಡ್ಡಾಡಿ ಹಿಕ್ಕೆ ಹಾಕಿದವು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸಲ ಸರಿಯಾಗಿಯೇ ಹೋಲಿಸಿ ನೋಡಿದ್ದರು. ಆಮೆಯ ಹೊಟ್ಟೆ ಹಾಯ್ದ ಬೀಜ, ಹಾಯದ ಬೀಜಕ್ಕಿಂತ ಚೆನ್ನಾಗಿ ಮೊಳೆತಿತ್ತು. ತಾಯಿಮರದಿಂದ ದೂರದಲ್ಲಿ, ಕಡಿದ ಜಾಗಗಳಲ್ಲಿ, ಕರಿಮರದ ಸಸಿಗಳು ಗುಂಪು ಗುಂಪಾಗಿ ಎದ್ದಿದ್ದವು.

ಇನ್ನೊಂದು ಸೂಕ್ಷ್ಮವಿದೆ. ಮಾರಿಷಸ್ಸಿನ ಹಲವು ಗಿಡಗಳಲ್ಲಿ ಎಳೆಯ ಸಸಿಯ ಎಲೆ ಒಂದು ಬಗೆ, ಬೆಳೆದ ಮರದ ಎಲೆ ಇನ್ನೊಂದು ಬಗೆ. ಸಸಿಯದು ಕಿರಿದಾಗಿ, ಕೆಂಪು ನರಗಳಿಂದ ಕೂಡಿ, ಬೇರೆ ಗಿಡವೇ ಎನ್ನುವಂತಿರುತ್ತದೆ. ಎರಡನ್ನೂ ಮುಂದಿಟ್ಟು ನೋಡಿದಾಗ ಆಮೆಗಳು ಸಸಿಯ ಎಲೆಯನ್ನು ಬಿಟ್ಟು ಮರದ ಎಲೆಯನ್ನು ತಿಂದವು. ಆಮೆಯ ಕತ್ತು ಎಟುಕುವಷ್ಟು ಎತ್ತರದವರೆಗೆ ಗಿಡ ತನ್ನನ್ನು ಹೀಗೆ ಕಾಯ್ದುಕೊಳ್ಳುತ್ತಿತ್ತು. ಆಮೆಗಳು ಹೋಗಿ ಎಷ್ಟೋ ತಲೆಮಾರು ಕಳೆದರೂ ಆ ಕಾವಲು ಮುಂದುವರಿದಿತ್ತು. ಹೊರಗಿನ ಕಳೆಗಳಿಗೆ ಇಂಥ ರಕ್ಷಣೆಯಿಲ್ಲ. ಹೀಗಾಗಿ ಆಮೆ ಕಳೆಯನ್ನು ಮೇಯುತ್ತದೆ, ಸ್ಥಳೀಯ ಸಸಿಯನ್ನು ಉಳಿಸುತ್ತದೆ.

ಮಾರಿಷಸ್ಸಿನ ಉತ್ತರ ತೀರದಿಂದ ಇಪ್ಪತ್ತು ಕಿಲೋಮೀಟರ್ ದಾಟಿದರೆ ರೌಂಡ್ ಐಲ್ಯಾಂಡ್. ಅದೃಷ್ಟಕ್ಕೆ ಅಲ್ಲಿ ಇಲಿ ಇಳಿದಿರಲಿಲ್ಲ. ಆದರೆ 19ನೇ ಶತಮಾನದಲ್ಲಿ ಬಿಟ್ಟ ಆಡು ಮತ್ತು ಮೊಲಗಳು ಹಸಿರನ್ನೆಲ್ಲ ಬೋಳಿಸಿದ್ದರಿಂದ ಮಣ್ಣು ಕೊಚ್ಚಿ ಸಮುದ್ರ ಸೇರಿತ್ತು. ಮಣ್ಣಿನೊಳಗೆ ಬಿಲ ತೋಡಿ ಬದುಕುತ್ತಿದ್ದ ಒಂದು ಹಾವು 1975ರಲ್ಲಿ ಕೊನೆಯ ಬಾರಿ ಕಂಡಿತು. ಒಂದು ಬಗೆಯ ತಾಳೆ ಕಾಡಿನಲ್ಲಿ ಒಂದೇ ಮರವಾಗಿ ನಿಂತಿತು. 1970ರ ದಶಕದ ಕೊನೆಗೆ ಆಡುಗಳನ್ನೂ 1986ರಲ್ಲಿ ಮೊಲಗಳನ್ನೂ ಪೂರ್ತಿ ತೆಗೆದರು. ತಾಳೆಯ ಸಸಿಗಳು ತಲೆಯೆತ್ತಿದವು, ಹಲ್ಲಿ ಹಾವರಾಣಿಗಳು ಹೆಚ್ಚಿದವು. 2007ರಿಂದ ಅಲ್ಲಿಯೂ ಆಮೆಗಳು ಮೇಯುತ್ತಿವೆ.

ಎಣಿಕೆ ಏರಿದ ಮೇಲೆ

ಈಗ ಚಾಣಕ್ಕೆ ಮರಳೋಣ. ಕೆಲಸ ನಿಲ್ಲಿಸಿದ ಮೇಲೂ ಕೆಲ ವರ್ಷ ಏರಿದ ಸಂಖ್ಯೆ ಆಮೇಲೆ ಇಳಿಯತೊಡಗಿತು. ಮೋಕಾ ಬೆಟ್ಟಸಾಲಿನಲ್ಲಿ ಬಿಟ್ಟಿದ್ದ ಸಂತತಿ ಉಳಿಯಲಿಲ್ಲ. ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಬಂದಿದ್ದ ಹಕ್ಕಿಯನ್ನು 2014ರಲ್ಲಿ ಮತ್ತೆ ಕೆಳಗಿಳಿಸಬೇಕಾಯಿತು. ನಾಲ್ಕನ್ನು ನಾನೂರು ಮಾಡಿದ ವಿದ್ಯೆ ಸೋತಿರಲಿಲ್ಲ. ನಾನೂರಕ್ಕೆ ಬೇಕಾದಷ್ಟು ಕಾಡು ಇರಲಿಲ್ಲ. ಇದ್ದ ಕಾಡನ್ನು ಬ್ರೆಜಿಲ್ ಮೂಲದ ಸೀಬೆಗಿಡ ಒಳಗಿನಿಂದ ತಿನ್ನುತ್ತಿತ್ತು. ಕೆಳಗೆ ಕಾಲಿಡಲಾಗದಷ್ಟು ಹೆಣೆದುಕೊಳ್ಳುವ ಆ ಸೀಬೆಯ ನೆರಳಿನಲ್ಲಿ ಸ್ಥಳೀಯ ಮರದ ಒಂದು ಸಸಿಯೂ ಏಳದು. ಹಳೆಯ ಮರ ಬಿದ್ದರೆ ಆ ಜಾಗಕ್ಕೆ ಬರುವುದು ಸೀಬೆಯೇ. 1994ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬ್ಲ್ಯಾಕ್ ರಿವರ್ ಕಣಿವೆಗಳಲ್ಲಿ ಬೇಲಿ ಹಾಕಿ, ಹಂದಿ ಜಿಂಕೆ ತಡೆದು, ಕೈಯಿಂದ ಕಳೆ ಕಿತ್ತ ತುಂಡುಗಳಲ್ಲಿ ಮಾತ್ರ ಎಳೆಯ ಮರಗಳು ಬೆಳೆಯುತ್ತಿವೆ. ಪಕ್ಕದ ಪಿಕಳಾರ ದಿನವೂ ಬೀಜ ತಂದು ಉದುರಿಸುವುದರಿಂದ ಕಳೆ ಕೀಳುವುದಕ್ಕೆ ಕೊನೆಯಿಲ್ಲ.

ಎರಡನೆಯ ತೊಡಕು ರಕ್ತದಲ್ಲಿದೆ. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಚಾಣಗಳ ಡಿಎನ್‌ಎ ತೆಗೆದು ಈಗಿನವುಗಳ ಜೊತೆ ಹೋಲಿಸಿದಾಗ, ಪೂರ್ವಜರಲ್ಲಿದ್ದ ವೈವಿಧ್ಯದ ಬಹುಪಾಲು ನಾಲ್ಕರ ಇಕ್ಕಟ್ಟಿನಲ್ಲಿ ಕಳೆದುಹೋಗಿರುವುದು ಕಂಡಿತು. ಗುಲಾಬಿ ಪಾರಿವಾಳದ ಮೇಲೆ 2022ರಲ್ಲಿ ಬಂದ ಅಧ್ಯಯನ ಇನ್ನೂ ಖಾರವಾಗಿದೆ. ನೂರಾರು ಹಕ್ಕಿಗಳಿದ್ದರೂ ಒಳಸಂತಾನದಿಂದ ಕೆಟ್ಟ ಜೀನ್‌ಗಳು ಮೇಲೆ ಬರುತ್ತಿವೆ, ಮೃಗಾಲಯಗಳಲ್ಲಿರುವ ಪಾರಿವಾಳಗಳ ಬೇರೆ ರಕ್ತ ಸೇರಿಸದಿದ್ದರೆ 50ರಿಂದ 100 ವರ್ಷದಲ್ಲಿ ಇದು ಅಳಿಯಬಹುದು ಎನ್ನುತ್ತದೆ ಅದು. ಎಣಿಕೆ ಏರಿದ್ದು ನಿಜ, ಸಾಲ ತೀರಿಲ್ಲ.

ಮೂರನೆಯದು ಅಪಘಾತ. 2020ರ ಜುಲೈ 25ರಂದು ವಕಾಶಿಯೊ ಎಂಬ ಸರಕುಹಡಗು ಇಲ್ ಒಜೆಗ್ರೆತ್ ಹತ್ತಿರದ ಹವಳದ ದಿಬ್ಬಕ್ಕೆ ಬಡಿಯಿತು. ಸುಮಾರು 1,000 ಟನ್ ಎಣ್ಣೆ ಸಮುದ್ರಕ್ಕೆ ಸೋರಿತು. ಪ್ರತಿಷ್ಠಾನದವರು ದ್ವೀಪದಿಂದ ಸಣ್ಣ ಹಕ್ಕಿಗಳನ್ನೂ ನರ್ಸರಿಯ ಗಿಡಗಳನ್ನೂ ದೋಣಿಯಲ್ಲಿ ದಾಟಿಸಿದರು, ಅಪರೂಪದ ಹಲ್ಲಿ ಹಾವರಾಣಿಗಳಲ್ಲಿ ಕೆಲವನ್ನು ವಿಮಾನದಲ್ಲಿ ಜರ್ಸಿಗೆ ಕಳಿಸಿದರು. ಒಂದೇ ಜಾಗದಲ್ಲಿ ಉಳಿಸಿದ ಜೀವಿ ಒಂದು ಹಡಗಿನ ತಪ್ಪಿಗೆ ಹೋಗಿಬಿಡಬಹುದು.

ಇದೇ ದೇಶದ ಇನ್ನೊಂದು ದ್ವೀಪ ರಾಡ್ರಿಗ್ಸ್. ಅಲ್ಲಿನ ಫೋಡಿ ಮತ್ತು ವಾರ್ಬ್ಲರ್ ಎಂಬ ಎರಡು ಪುಟ್ಟ ಹಕ್ಕಿಗಳು 1960–70ರ ದಶಕಗಳಲ್ಲಿ ಬೆರಳೆಣಿಕೆಯ ಜೋಡಿಗಳಿಗೆ ಇಳಿದಿದ್ದವು. ಯಾರೂ ಅವುಗಳ ಮೊಟ್ಟೆ ಕದಿಯಲಿಲ್ಲ, ಇನ್‌ಕ್ಯುಬೇಟರ್ ಇಡಲಿಲ್ಲ. ಬೋಳುಗುಡ್ಡಗಳಲ್ಲಿ ನೀರು ಇಂಗಿಸಲೆಂದು ಜನ ಮರ ನೆಟ್ಟರು. ಮರ ಬೆಳೆಯಿತು, ಹಕ್ಕಿಗಳು ತಾವಾಗಿ ಹೆಚ್ಚಿದವು. ಇಂದು ಅವು ಸಾವಿರಾರು.

ನಮ್ಮ ಎರೆಭೂಮಿಗೆ

ಮೊಟ್ಟೆ ಎತ್ತಿ ಕಾವು ಕೊಡುವ ವಿದ್ಯೆ 2019ರಿಂದ ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ನಡೆಯುತ್ತಿದೆ. ಅಲ್ಲಿನ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಕಡೆಯ ಎರೆಭೂತ. ಇಡೀ ದೇಶದಲ್ಲಿ ಉಳಿದಿರುವವು 150ರ ಆಸುಪಾಸು. ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಈ ಹಕ್ಕಿಯನ್ನು ಹೆಚ್ಚಿಸುವುದು ಚಾಣಕ್ಕಿಂತ ಕಷ್ಟ. ಆದರೂ ಬೋನಿನಲ್ಲಿ ಮರಿಗಳು ಬೆಳೆಯುತ್ತಿವೆ, 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಕಾಡಿಗೆ ಬಿಡುವ ದಿನ ಬಂದೇ ಬರುತ್ತದೆ. ಬಿಡುವುದು ಎಲ್ಲಿಗೆ?

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಎರಡು ಹೆಸರುಗಳಿವೆ. ಒಂದು ಬಳ್ಳಾರಿಯ ಸಿರುಗುಪ್ಪ. ಅಲ್ಲಿನ ಕಪ್ಪು ಎರೆ ನೆಲದ ಹೊಲಗಳಲ್ಲಿ ಇತ್ತೀಚಿನವರೆಗೂ ಬೆರಳೆಣಿಕೆಯ ಎರೆಭೂತಗಳು ಕಾಣುತ್ತಿದ್ದವು. ಇನ್ನೊಂದು ರಾಣೆಬೆನ್ನೂರು. 1974ರಲ್ಲಿ, ಮಾರಿಷಸ್ಸಿನಲ್ಲಿ ನಾಲ್ಕು ಚಾಣಗಳಿದ್ದ ವರ್ಷದಲ್ಲೇ, ಕೃಷ್ಣಮೃಗಕ್ಕಾಗಿ ಅಭಯಾರಣ್ಯವಾದ ಹುಲ್ಲುಗಾವಲು. ಎರೆಭೂತವೂ ಅಲ್ಲಿತ್ತು. ಆ ಹುಲ್ಲಿನ ಮೇಲೆ ನೀಲಗಿರಿ ನೆಟ್ಟರು. ದೂರದವರೆಗೆ ನೋಟ ಹಾಯುವ ಬಯಲಿದ್ದರೆ ಮಾತ್ರ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ ಅದು. ಮರ ಎದ್ದಿತು, ಹಕ್ಕಿ ಹೋಯಿತು. ರಾಡ್ರಿಗ್ಸ್‌ನಲ್ಲಿ ಹಕ್ಕಿಯನ್ನು ಉಳಿಸಿದ ಕೆಲಸವೇ ರಾಣೆಬೆನ್ನೂರಿನಲ್ಲಿ ಹಕ್ಕಿಯನ್ನು ಓಡಿಸಿತು. ಗಿಡ ನೆಡುವುದು ಪುಣ್ಯದ ಕೆಲಸವೆಂದು ಕಲಿತವರಿಗೆ ಇದು ಕಹಿ, ಆದರೆ ನೆಲದ ಪುನಶ್ಚೇತನ ಎಂದರೆ ಆ ನೆಲದ್ದೇ ಹಸಿರನ್ನು ಮರಳಿಸುವುದು. ಅದು ಕಾಡಿರಬಹುದು, ಹುಲ್ಲಿರಬಹುದು, ಬರಿಯ ಕಲ್ಲುಬಂಡೆಯೂ ಇರಬಹುದು.

ನಮ್ಮ ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲಿಗೆ ಇವತ್ತಿಗೂ ಪಾಳು, ಬಂಜರು ಎಂಬ ಹೆಸರಿದೆ. ಬಂಜರು ಎಂದು ಬರೆದದ್ದನ್ನು ಕಾರ್ಖಾನೆಗೋ ಸೋಲಾರ್ ಫಲಕಕ್ಕೋ ನೆಡುತೋಪಿಗೋ ಕೊಡುವಾಗ ಯಾರ ಮನಸ್ಸೂ ಅಳುಕುವುದಿಲ್ಲ. ಜೈಸಲ್ಮೇರ್‌ನ ಬೋನಿನಲ್ಲಿ ಹಕ್ಕಿಗಳು ಬಲಿಯುವುದಕ್ಕೆ ಇನ್ನೂ ಕೆಲವು ವರ್ಷ ಬೇಕು. ಅಷ್ಟರೊಳಗೆ ನಾವು ಮಾಡಬೇಕಾದ ಮೊದಲ ಕೆಲಸಕ್ಕೆ ಇನ್‌ಕ್ಯುಬೇಟರ್ ಬೇಡ, ವಿದೇಶಿ ತಜ್ಞರೂ ಬೇಡ. ಉಳಿದಿರುವ ಎರೆ ಬಯಲುಗಳನ್ನು ಗುರುತಿಸಿ, ಪಹಣಿಯಲ್ಲಿ ಬಂಜರು ಎಂಬುದನ್ನು ಹೊಡೆದುಹಾಕಿ ಹುಲ್ಲುಗಾವಲು ಎಂದು ಬರೆಸಬೇಕು. ಆ ಒಂದು ತಿದ್ದುಪಡಿಯಾಗದೆ ಮೊಟ್ಟೆಗೆ ಕಾವು ಕೊಡುತ್ತ ಹೋದರೆ, ಚಾಣಕ್ಕೆ 1994ರ ನಂತರ ಆದದ್ದೇ ಇಲ್ಲಿಯೂ ಆಗುತ್ತದೆ, ಅದಕ್ಕಿಂತ ಬೇಗ ಆಗುತ್ತದೆ.